ತಪ್ಪು ಟಂಕಸಾಲೆಯದೋ, ಬೀದಿಯದೋ?

ಮುಂಬಯಿಯ ಫೋರ್ಟ್‌ನಲ್ಲಿ ಶಹೀದ್ ಭಗತ್ ಸಿಂಗ್ ರಸ್ತೆಯ ಒಂದು ಬದಿಗೆ ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ; ಅದರ ಎದುರಿಗೇ ಟಂಕಸಾಲೆ. 1820ರ ದಶಕದಲ್ಲಿ ಕ್ಯಾಪ್ಟನ್ ಜಾನ್ ಹಾಕಿನ್ಸ್ ಉಸ್ತುವಾರಿಯಲ್ಲಿ ಕಟ್ಟಿದ ಟಂಕಸಾಲೆ ಇದು. ಈ ಆವರಣದಿಂದ ಕಂಪನಿ ಸರಕಾರದ ರೂಪಾಯಿ ಹೊರಬಂದಿದೆ, 1918ರಲ್ಲಿ ಚಿನ್ನದ ಸಾವರಿನ್ ಬಂದಿದೆ, ಇಂದಿನ ಚಿಲ್ಲರೆಯೂ ಬರುತ್ತಿದೆ. ಗೇಟು ದಾಟಿದ ನಾಣ್ಯಕ್ಕೆ ಮತ್ತೆ ಬಿಡುವಿಲ್ಲ. ಬೆಸ್ಟ್ ಬಸ್ಸಿನ ಕಂಡಕ್ಟರನ ಚೀಲ, ದಾದರಿನ ಹೂವಿನ ಅಂಗಡಿ, ಮಾಟುಂಗಾದ ಉಡುಪಿ ಹೋಟೆಲಿನ ಗಲ್ಲಾ, ಪ್ರಭಾದೇವಿಯ ಸಿದ್ಧಿವಿನಾಯಕನ ಹುಂಡಿ ಎಲ್ಲವನ್ನೂ ಸುತ್ತಿ ಅದು ಮತ್ತೆ ಬ್ಯಾಂಕಿನ ಚೀಲ ಸೇರುತ್ತದೆ.

ಈ ಸುತ್ತಾಟದ ನಡುವೆ ಒಮ್ಮೊಮ್ಮೆ ಒಂದು ನಾಣ್ಯ ಗಲ್ಲಾದಲ್ಲಿ ಕೂತವರ ಕೈಯನ್ನು ತಡೆದು ನಿಲ್ಲಿಸುತ್ತದೆ. ಅಂಚು ಕಚ್ಚಿದಂತಿದೆ, ಸಿಂಹಮುದ್ರೆ ಓರೆಯಾಗಿದೆ, ಇಸವಿಯ ಒಂದು ಅಂಕಿಯೇ ಇಲ್ಲ. ಅಷ್ಟರಲ್ಲಿ ಮೊಬೈಲಿಗೆ ಬಂದ ಯಾವುದೋ ಸಂದೇಶ ನೆನಪಾಗುತ್ತದೆ: ತಪ್ಪು ಮುದ್ರಣದ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯಂತೆ! ಟಂಕಸಾಲೆಯಲ್ಲೇ ಆದ ತಪ್ಪಿಗೆ ಸಂಗ್ರಾಹಕರು ಮುಖಬೆಲೆಗಿಂತ ಹೆಚ್ಚು ಕೊಡುವುದು ನಿಜ. ಆದರೆ ಹೀಗೆ ಕಣ್ಣಿಗೆ ಬೀಳುವ ವಿಚಿತ್ರ ನಾಣ್ಯಗಳಲ್ಲಿ ಬಹುಪಾಲು ಬೀದಿಯಲ್ಲಿ ಏಟು ತಿಂದವು, ಇಲ್ಲವೇ ಯಾರೋ ಬೇಕೆಂದೇ ಕೆಡಿಸಿದವು. ಇವೆರಡನ್ನು ಬೇರ್ಪಡಿಸಲು ಅದೃಷ್ಟವೂ ಬೇಡ, ದೊಡ್ಡ ಉಪಕರಣವೂ ಬೇಡ. ನಾಣ್ಯ ಹೇಗೆ ತಯಾರಾಗುತ್ತದೆ ಎಂಬ ತಿಳಿವಳಿಕೆ ಬೇಕು. ಈ ದೋಷ ತಯಾರಿಕೆಯ ಯಾವ ಹಂತದಲ್ಲಿ ಆಗಿರಬಹುದು ಎಂಬ ಪ್ರಶ್ನೆಗೆ ನಾಣ್ಯ ಉತ್ತರ ಕೊಟ್ಟರೆ ಅದು ಟಂಕಸಾಲೆಯ ತಪ್ಪು. ಯಾವ ಹಂತವೂ ಹೊಂದದಿದ್ದರೆ ಅದು ಆಮೇಲೆ ಆದ ಗಾಯ.

ಹಾಳೆಯಿಂದ ನಾಣ್ಯದವರೆಗೆ

ಲೋಹದ ಉದ್ದನೆಯ ಪಟ್ಟಿಯನ್ನು ಯಂತ್ರಕ್ಕೆ ಉಣಿಸಿ, ಅದರಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುವುದು ಮೊದಲ ಕೆಲಸ. ಆ ಬಿಲ್ಲೆಯ ಅಂಚನ್ನು ಸುತ್ತಲೂ ಒತ್ತಿ ಸ್ವಲ್ಪ ಎತ್ತರಿಸುತ್ತಾರೆ; ನಾಣ್ಯದ ಏಣು ಹುಟ್ಟುವುದು ಇಲ್ಲಿಯೇ. ಬಳಿಕ ಕುಲುಮೆಯಲ್ಲಿ ಕಾಯಿಸಿ ಮೆದು ಮಾಡಿ, ತೊಳೆದು, ಹೊಳಪು ಕೊಟ್ಟು ಅಚ್ಚಿನ ಯಂತ್ರಕ್ಕೆ ಕಳಿಸುತ್ತಾರೆ.

ಅಲ್ಲಿ ಮೂರು ಉಕ್ಕಿನ ಭಾಗಗಳು ಸೇರಿ ನಾಣ್ಯ ಮಾಡುತ್ತವೆ. ಒಂದು ಮುಖಕ್ಕೆ ಒಂದು ಅಚ್ಚು, ಇನ್ನೊಂದು ಮುಖಕ್ಕೆ ಇನ್ನೊಂದು ಅಚ್ಚು, ಸುತ್ತಲೂ ಲೋಹ ಹರಡದಂತೆ ಹಿಡಿದಿಡುವ ಉಂಗುರದಂಥ ಕಾಲರ್. ಟನ್‌ಗಟ್ಟಲೆ ಒತ್ತಡದಲ್ಲಿ ಒಂದೇ ಏಟು. ತಣ್ಣಗಿನ ಲೋಹ ಆ ಒಂದು ಕ್ಷಣ ಹರಿದು ಅಚ್ಚಿನ ತಗ್ಗುಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಚಿತ್ರ, ಅಕ್ಷರ, ಅಂಚಿನ ಗೀರು ಎಲ್ಲವೂ ಒಟ್ಟಿಗೇ ಮೂಡುತ್ತವೆ. ಇಲ್ಲಿಂದ ಮುಂದೆ ಉಳಿಯುವುದು ತಪಾಸಣೆ, ಎಣಿಕೆ, ಚೀಲ.

ಆದ್ದರಿಂದ ಟಂಕಸಾಲೆಯ ತಪ್ಪುಗಳು ಮೂರೇ ಬಗೆ: ಬಿಲ್ಲೆಯ ತಪ್ಪು, ಅಚ್ಚಿನ ತಪ್ಪು, ಏಟಿನ ತಪ್ಪು. ನಾಣ್ಯದ ಲೋಹ ಒಂದೇ ಸಲ ಹರಿಯುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಏಟು ಬೀಳುವಾಗ ಆದ ದೋಷದ ಮೇಲೆ ಆ ಹರಿವಿನ ಗುರುತಿರುತ್ತದೆ. ಆಮೇಲೆ ಆದ ದೋಷದಲ್ಲಿ ಕೊರೆತ, ಜಜ್ಜು, ಉಜ್ಜು ಮಾತ್ರ ಕಾಣುತ್ತವೆ.

ಕಚ್ಚಿದ ಅಂಚು, ಬೇರೆಯವರ ಬಿಲ್ಲೆ

ಲಟ್ಟಿಸಿದ ಹಿಟ್ಟಿನ ಮೇಲೆ ಬಟ್ಟಲು ಒತ್ತಿ ಪೂರಿ ಕತ್ತರಿಸುವಾಗ, ಮೊದಲೇ ಕತ್ತರಿಸಿದ ತೂತಿನ ಮೇಲೆ ಬಟ್ಟಲು ಸ್ವಲ್ಪ ಕೂತರೆ ಹೊಸ ಪೂರಿಗೆ ಒಂದು ಬದಿ ಅರೆಚಂದ್ರದಷ್ಟು ಕಡಿಮೆಯಾಗುತ್ತದೆ. ಲೋಹದ ಪಟ್ಟಿ ಯಂತ್ರದಲ್ಲಿ ಸರಿಯಾಗಿ ಮುಂದೆ ಸರಿಯದಿದ್ದಾಗ ಬಿಲ್ಲೆಗೂ ಇದೇ ಗತಿ. ಹೀಗೆ ಅಂಚು ಕಡಿದ ಬಿಲ್ಲೆ ಅಚ್ಚಿನಡಿ ಹೋದರೆ ‘ಕ್ಲಿಪ್’ ನಾಣ್ಯ ಬರುತ್ತದೆ. ಮುಂಬಯಿಯ ನಾಣ್ಯ ಮೇಳಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. ಅರ ಹಿಡಿದು ಉಜ್ಜಿ ನಕಲಿ ಮಾಡುವುದೂ ಸುಲಭವಾದ್ದರಿಂದ, ಅತಿ ಹೆಚ್ಚು ನಕಲಿಯಾಗುವ ತಪ್ಪೂ ಇದೇ.

ನಿಜವಾದ ಕ್ಲಿಪ್ಪಿಗೆ ಮೂರು ಸಾಕ್ಷಿಗಳಿವೆ. ಮೊದಲನೆಯದು ಕ್ಲಿಪ್ಪಿನ ನೇರ ಎದುರು ಬದಿಯ ಅಂಚು. ಬಿಲ್ಲೆಯ ಅಂಚನ್ನು ಎತ್ತರಿಸುವ ಯಂತ್ರ ಎರಡೂ ಬದಿಯಿಂದ ಒತ್ತಬೇಕು. ಒಂದು ಬದಿ ಖಾಲಿಯಿದ್ದರೆ ಎದುರು ಬದಿಗೂ ಒತ್ತಡ ಸಿಗದೆ ಅಲ್ಲಿ ಏಣು ಚಪ್ಪಟೆಯಾಗಿ ಮಾಸುತ್ತದೆ. ಸಂಗ್ರಾಹಕರು ಇದನ್ನು ‘ಬ್ಲೇಕ್ಸ್‌ಲಿ ಪರಿಣಾಮ’ ಎನ್ನುತ್ತಾರೆ. ಎರಡನೆಯದು ಕ್ಲಿಪ್ಪಿನ ಪಕ್ಕದ ಅಕ್ಷರಗಳು. ಏಟು ಬಿದ್ದಾಗ ಲೋಹ ಖಾಲಿ ಜಾಗದ ಕಡೆ ಹರಿಯುವುದರಿಂದ ಅವು ಆ ಬದಿಗೆ ಎಳೆದಂತೆ ಹರಡುತ್ತವೆ, ಇಲ್ಲವೇ ತೆಳುವಾಗುತ್ತವೆ. ಮೂರನೆಯದು ಆ ಕಡಿತದ ಬಾಗು. ಅದು ನಾಣ್ಯದ ಬಾಗಿನಷ್ಟೇ ದೊಡ್ಡದಿರುತ್ತದೆ. ಕ್ಲಿಪ್ ತೀರ ಚಿಕ್ಕದಾದರೆ ಮೊದಲ ಸಾಕ್ಷಿ ಮಸುಕಾಗಿರಬಹುದು, ಉಳಿದೆರಡನ್ನು ಹುಡುಕಬೇಕು. ಅರದಿಂದ ಉಜ್ಜಿದ ನಾಣ್ಯದಲ್ಲಿ ಅಕ್ಷರ ಚಾಕು ಇಟ್ಟಂತೆ ತಟ್ಟನೆ ನಿಂತುಹೋಗುತ್ತದೆ, ಎದುರು ಬದಿಯ ಏಣು ಗಟ್ಟಿಯಾಗಿಯೇ ಇರುತ್ತದೆ, ಮಸೂರದಡಿ ಹಿಡಿದರೆ ಕಡಿದ ಜಾಗದಲ್ಲಿ ಅಡ್ಡಡ್ಡ ಗೀರುಗಳು ಮಿನುಗುತ್ತವೆ.

ಬಿಲ್ಲೆಯ ಇನ್ನೊಂದು ತಪ್ಪು ಅದಲುಬದಲು. ಒಂದು ರೂಪಾಯಿಯ ಬಿಲ್ಲೆ ಎರಡರ ಅಚ್ಚಿಗೆ ಹೋಗಿ ಬೀಳುವುದು. ಇಲ್ಲಿ ತೂಕವೇ ತೀರ್ಪು ಹೇಳುತ್ತದೆ. 2011ರ ಸರಣಿಯ ಎರಡು ರೂಪಾಯಿ 25 ಮಿ.ಮೀ. ಅಗಲ, 4.85 ಗ್ರಾಂ ತೂಕ. ಅದೇ ಸರಣಿಯ ಒಂದು ರೂಪಾಯಿ ಸುಮಾರು 22 ಮಿ.ಮೀ., 3.79 ಗ್ರಾಂ. ಎರಡರ ಚಿತ್ರವಿರುವ ನಾಣ್ಯ 3.79 ಗ್ರಾಂ ತೂಗಿ, ಅಂಚಿನ ಅಕ್ಷರಗಳು ಬಿಲ್ಲೆಯಿಂದಾಚೆ ಹೋದಂತಿದ್ದರೆ ಅದು ಗಂಭೀರವಾಗಿ ನೋಡಬೇಕಾದ ನಾಣ್ಯ. ತೂಕ ಇದಕ್ಕೂ ಹೊಂದದೆ ಅದಕ್ಕೂ ಹೊಂದದೆ ಎಲ್ಲೋ ನಡುವೆ ಬಂದರೆ ಯಾರೋ ಸುತ್ತಲೂ ತರಿದಿದ್ದಾರೆ ಎಂದೇ ಲೆಕ್ಕ.

ಜಗತ್ತಿನಲ್ಲಿ ಇಂಥ ಅದಲುಬದಲಿನ ಅತಿ ಪ್ರಸಿದ್ಧ ಉದಾಹರಣೆ ಅಮೆರಿಕದ 1943ರ ಒಂದು ಸೆಂಟ್. ಯುದ್ಧಕ್ಕೆ ತಾಮ್ರ ಉಳಿಸಲು ಆ ವರ್ಷ ಸತು ಲೇಪಿಸಿದ ಉಕ್ಕಿನಲ್ಲಿ ಸೆಂಟ್ ಹೊಡೆದರು. ಹಳೆಯ ಕಂಚಿನ ಕೆಲವೇ ಬಿಲ್ಲೆಗಳು ಯಂತ್ರದಲ್ಲಿ ಉಳಿದು ಅವುಗಳ ಜೊತೆ ಅಚ್ಚಾದವು. ಅವುಗಳ ಬೆಲೆ ಏರಿದಂತೆ ಉಕ್ಕಿನ ಸೆಂಟಿಗೆ ತಾಮ್ರದ ಲೇಪ ಕೊಟ್ಟು ಮಾರುವವರು ಹುಟ್ಟಿಕೊಂಡರು. ಅಂಥ ನಕಲಿಯನ್ನು ಇಂದಿಗೂ ಮೊದಲು ಹಿಡಿಯುವುದು ಒಂದು ಸಾದಾ ಅಯಸ್ಕಾಂತ. ಕಂಚಿನದು ಅಂಟುವುದಿಲ್ಲ, ಲೇಪದ ಉಕ್ಕು ಅಂಟುತ್ತದೆ.

ಉಬ್ಬಿದ ಗೆರೆ, ತಗ್ಗಿದ ಗೆರೆ

ಅಚ್ಚು ಉಕ್ಕಿನದಾದರೂ ಲಕ್ಷಾಂತರ ಏಟು ಕೊಟ್ಟ ಮೇಲೆ ದಣಿಯುತ್ತದೆ. ಅದರಲ್ಲಿ ಬಿರುಕು ಬಿಡುತ್ತದೆ. ಬಿರುಕು ಅಚ್ಚಿನಲ್ಲಿ ತಗ್ಗು. ಅದರೊಳಗೆ ಲೋಹ ಹರಿದು ನಾಣ್ಯದ ಮೇಲೆ ಅದು ಉಬ್ಬಿದ ಗೆರೆಯಾಗಿ ಬರುತ್ತದೆ. ಅಂಚಿನ ಬಳಿ ಅಚ್ಚಿನ ಚೂರೇ ಉದುರಿಹೋದರೆ ಆ ಜಾಗದಲ್ಲಿ ನಾಣ್ಯದ ಮೇಲೆ ಚಿತ್ರವಿಲ್ಲದ ಲೋಹದ ಗುಡ್ಡೆ ನಿಲ್ಲುತ್ತದೆ. ಇದಕ್ಕೆ ‘ಕಡ್’ ಎನ್ನುತ್ತಾರೆ.

ಅಚ್ಚಿನ ತಪ್ಪುಗಳ ಮಟ್ಟಿಗೆ ಹೊಸಬರು ಮೊದಲು ಕಲಿಯಬೇಕಾದ ಪಾಠ ಇದು. ಗೆರೆ ಉಬ್ಬಿದ್ದರೆ ಅಚ್ಚಿನ ಬಿರುಕಿರಬಹುದು; ಗೆರೆ ತಗ್ಗಿದ್ದರೆ ಅದು ಬಹುತೇಕ ಗೀರು. ಬೆರಳ ಉಗುರನ್ನು ಮೆಲ್ಲಗೆ ಅಡ್ಡ ಎಳೆದರೂ ವ್ಯತ್ಯಾಸ ತಿಳಿಯುತ್ತದೆ. ಬೆಳಕನ್ನು ಒಂದೇ ಬದಿಯಿಂದ ಬೀಳಿಸಿ ನೋಡುವುದು ಇನ್ನೂ ಒಳ್ಳೆಯದು. ಉಬ್ಬಿನ ನೆರಳು ಬೆಳಕಿನ ಆಚೆ ಬದಿಗೆ ಬೀಳುತ್ತದೆ, ತಗ್ಗಿನ ನೆರಳು ಈಚೆ ಬದಿಗೆ.

ಅಕ್ಷರ ಅಥವಾ ಅಂಕಿ ಮಾಯವಾಗುವುದಕ್ಕೆ ಸಾಮಾನ್ಯ ಕಾರಣ ಅಚ್ಚಿನ ತಗ್ಗಿನಲ್ಲಿ ಗ್ರೀಸು, ಲೋಹದ ಪುಡಿ ಕೂತು ಹೆಪ್ಪುಗಟ್ಟಿರುವುದು. ಲೋಹ ಒಳಗೆ ಹೋಗಲು ದಾರಿಯಿಲ್ಲದೆ ಅಲ್ಲಿ ಅಂಕಿ ಮೂಡುವುದಿಲ್ಲ. ಆದರೆ ಸುತ್ತಲಿನ ಮೈ ಎಂದಿನಂತೆ ನಯವಾಗಿ, ಒಂದೇ ಮಟ್ಟದಲ್ಲಿ, ಅದೇ ಹೊಳಪಿನಲ್ಲಿರುತ್ತದೆ. ಇಸವಿಯ ಅಂಕಿಯನ್ನು ಯಾರೋ ಕೆರೆದು ತೆಗೆದಿದ್ದರೆ ಆ ಜಾಗ ತುಸು ಕುಳಿಬಿದ್ದು, ಹೊಳಪು ಬೇರೆಯಾಗಿ, ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಓಡುತ್ತವೆ.

ಅಕ್ಷರ ಜೋಡಿಯಾಗಿ ಕಾಣುವ ನಾಣ್ಯಗಳಲ್ಲಿ ಎಚ್ಚರ ಹೆಚ್ಚು ಬೇಕು. ಅಚ್ಚನ್ನು ತಯಾರಿಸುವಾಗಲೇ ಚಿತ್ರ ಎರಡು ಸಲ ಒತ್ತಿಹೋಗಿದ್ದರೆ ಎರಡೂ ನೆರಳು ದುಂಡಗೆ ಉಬ್ಬಿ, ಅಕ್ಷರದ ಮೂಲೆಗಳಲ್ಲಿ ಸೀಳು ಕಾಣುತ್ತದೆ. ಅಮೆರಿಕದ 1955ರ ಪ್ರಸಿದ್ಧ ಸೆಂಟ್ ಇಂಥದ್ದು. ಏಟು ಬಿದ್ದ ಕೂಡಲೇ ಅಚ್ಚು ತುಸು ಅಲುಗಿದ್ದರೆ ಅಕ್ಷರದ ಪಕ್ಕ ಮೆಟ್ಟಿಲಿನಂಥ ಚಪ್ಪಟೆ ಅಂಚು ಮಾತ್ರ ಮೂಡುತ್ತದೆ. ಇದೂ ಟಂಕಸಾಲೆಯಲ್ಲೇ ಆದದ್ದು, ಆದರೆ ಎಷ್ಟು ಸಾಮಾನ್ಯವೆಂದರೆ ಸಂಗ್ರಾಹಕರು ಇದಕ್ಕೆ ಹೆಚ್ಚಿನ ಬೆಲೆ ಕೊಡುವುದಿಲ್ಲ.

ಓರೆ ಅಚ್ಚನ್ನು ಪತ್ತೆಹಚ್ಚುವುದು ಎಲ್ಲಕ್ಕಿಂತ ಸುಲಭ. ಸ್ವಾತಂತ್ರ್ಯೋತ್ತರ ಭಾರತದ ನಾಣ್ಯಗಳ ಎರಡೂ ಮುಖಗಳು ಒಂದೇ ದಿಕ್ಕಿಗೆ ನೆಟ್ಟಗಿರುತ್ತವೆ. ಸಿಂಹಮುದ್ರೆ ನೆಟ್ಟಗಿರುವಂತೆ ಹಿಡಿದು, ಪುಸ್ತಕದ ಹಾಳೆ ತಿರುವಿದಂತೆ ಪಕ್ಕಕ್ಕೆ ತಿರುಗಿಸಿದರೆ ಹಿಂಬದಿಯೂ ನೆಟ್ಟಗೆ ಬರಬೇಕು. ಅದು ಓರೆಯಾಗಿ ಬಂದರೆ, ತಲೆಕೆಳಗಾಗಿ ಬಂದರೆ, ಒಂದು ಅಚ್ಚು ಯಂತ್ರದಲ್ಲಿ ಸಡಿಲಗೊಂಡು ತಿರುಗಿದೆ ಎಂದರ್ಥ. ಸ್ವಲ್ಪವೇ ಓರೆ ಇರುವುದು ಬೇಕಾದಷ್ಟು ಸಿಗುತ್ತದೆ. ಪೂರ್ತಿ ತಲೆಕೆಳಗಾದದ್ದಕ್ಕೆ ಬೇಡಿಕೆ ಇದೆ. ನಾಣ್ಯ ಹೊರಗೆ ಬಂದ ಮೇಲೆ ಈ ತಪ್ಪನ್ನು ಹುಟ್ಟಿಸಬೇಕಾದರೆ ಎರಡು ನಾಣ್ಯ ಕೊರೆದು ಅಂಟಿಸಬೇಕು. ಅಂಥದ್ದರಲ್ಲಿ ಏಣಿನ ಒಳಮಗ್ಗುಲಲ್ಲೋ ಅಂಚಿನಲ್ಲೋ ಕೂದಲೆಳೆಯಷ್ಟು ಸಂದು ಸಿಗುತ್ತದೆ. ನೆಲಕ್ಕೆ ಬೀಳಿಸಿದರೆ ನಾದವೂ ಮಂಕು.

ಲೋಕಲ್ ರೈಲಿನ ಹಳಿ, ಗ್ಯಾರೇಜಿನ ವೈಸ್

ಬಿಲ್ಲೆ ಅಚ್ಚಿನ ನಡುವೆ ಸರಿಯಾಗಿ ಕೂರದೆ ಪಕ್ಕಕ್ಕೆ ಜಾರಿದಾಗ ಏಟು ಬಿದ್ದರೆ ಅರ್ಧ ಚಿತ್ರ, ಅರ್ಧ ಬೋಳು. ಇಸವಿ ಉಳಿದಿದ್ದರೆ ಬೆಲೆ ಹೆಚ್ಚು. ಕಾಲರ್ ಮೇಲೆದ್ದು ಹಿಡಿಯದೇ ಹೋದರೆ ಲೋಹ ಸುತ್ತಲೂ ಹರಡಿ ನಾಣ್ಯ ಅಗಲವಾಗುತ್ತದೆ, ಅಂಚು ತೆಳುವಾಗುತ್ತದೆ, ಅಂಚಿನಲ್ಲಿ ಇರಬೇಕಾದ ಗೀರು ಮೂಡುವುದಿಲ್ಲ.

ಹೀಗೆ ಅಗಲವಾದ ನಾಣ್ಯ ಎಂದು ಮುಂಬಯಿಯಲ್ಲಿ ತೋರಿಸುವುದರಲ್ಲಿ ಹೆಚ್ಚಿನವು ರೈಲಿನ ಹಳಿಯ ಮೇಲೆ ಇಟ್ಟವು. ಹುಡುಗರ ಈ ಅಪಾಯದ ಆಟ ಹಳೆಯದು. ಅದನ್ನು ಬಿಡಿಸಬೇಕಾದ ಕಾರಣ ನಾಣ್ಯವಲ್ಲ, ಜೀವ. ಹಳಿಯ ನಾಣ್ಯವನ್ನು ಗುರುತಿಸಲು ಅಳತೆಪಟ್ಟಿಯೂ ಬೇಡ. ಗಾಲಿ ಒಂದು ದಿಕ್ಕಿಗೆ ಉರುಳುವುದರಿಂದ ಅದು ಮೊಟ್ಟೆಯಾಕಾರಕ್ಕೆ ಉದ್ದವಾಗಿ, ಸಿಂಹಮುದ್ರೆಯೂ ಅಕ್ಷರಗಳೂ ಅದರ ಜೊತೆಗೇ ಎಳೆದುಕೊಂಡು ಮಾಸಿರುತ್ತವೆ. ಕಾಲರ್ ತಪ್ಪಿದ ನಾಣ್ಯದಲ್ಲಿ ಹಾಗಲ್ಲ. ನಡುವಿನ ಚಿತ್ರದ ಅಳತೆ ಸರಿಯಾಗಿಯೇ ಇದ್ದು, ಅದರ ಹೊರಗಿನ ಅಂಚು ಮಾತ್ರ ಸುತ್ತಲೂ ಹರಡಿರುತ್ತದೆ. ತೂಕ ಎರಡರಲ್ಲೂ ಸರಿಯಾಗಿಯೇ ಇರುವುದರಿಂದ ಇಲ್ಲಿ ತಕ್ಕಡಿ ನೆರವಿಗೆ ಬರುವುದಿಲ್ಲ. ಚಿತ್ರವೇ ಹೇಳಬೇಕು.

ಏಟಿನ ತಪ್ಪುಗಳಲ್ಲಿ ಭಾರತದ ಸಂಗ್ರಾಹಕರು ಅತಿ ಹೆಚ್ಚು ಮೆಚ್ಚುವುದು ‘ಲಖಿ’. ಹರಾಜಿನ ಕ್ಯಾಟಲಾಗುಗಳಲ್ಲಿ ‘ಬ್ರಾಕೇಜ್’ ಎಂಬ ಹೆಸರೂ ಜೊತೆಗಿರುತ್ತದೆ. ಹೊಡೆದ ನಾಣ್ಯ ಯಂತ್ರದಿಂದ ಹೊರಬೀಳದೆ ಒಂದು ಅಚ್ಚಿಗೇ ಅಂಟಿಕೊಂಡು, ಅದರಡಿ ಹೊಸ ಬಿಲ್ಲೆ ಬಂದಾಗ ಏಟು ಬೀಳುತ್ತದೆ. ಅಂಟಿದ ನಾಣ್ಯವೇ ಅಚ್ಚಾಗುತ್ತದೆ. ಹೊಸ ನಾಣ್ಯದ ಒಂದು ಮುಖದಲ್ಲಿ ಸರಿಯಾದ ಉಬ್ಬುಚಿತ್ರ. ಇನ್ನೊಂದರಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ತಗ್ಗಾಗಿ.

ಇದರ ನಕಲಿಗೆ ಗ್ಯಾರೇಜಿನ ವೈಸ್ ಒಂದು ಸಾಕು. ಎರಡು ನಾಣ್ಯಗಳನ್ನು ಮುಖಕ್ಕೆ ಮುಖ ಒತ್ತಿ ಬಿಗಿದರೆ ಒಂದರ ಮೇಲೆ ಇನ್ನೊಂದರ ತಿರುಗಿದ ಗುರುತು ಬೀಳುತ್ತದೆ. ಆದರೆ ನಾಣ್ಯದ ಮೇಲೆ ಮೊದಲೇ ಇದ್ದ ಚಿತ್ರ ಎಲ್ಲಿ ಹೋಗಬೇಕು? ಅದು ಅಳಿಯುವುದಿಲ್ಲ. ಚಪ್ಪಟೆಯಾಗಿ ಅಡಿಯಲ್ಲೇ ಉಳಿಯುತ್ತದೆ. ಒಂದೇ ಮುಖದಲ್ಲಿ ನೆಟ್ಟಗಿನ ಮಾಸಿದ ಅಕ್ಷರವೂ ತಿರುಗಿದ ತಗ್ಗು ಅಕ್ಷರವೂ ಒಂದರ ಮೇಲೊಂದು ಕಂಡರೆ ವೈಸ್‌ನ ಕೆಲಸವೆಂದು ಮೊದಲು ಅನುಮಾನಿಸಬೇಕು. ನಿಜವಾದ ಪೂರ್ಣ ಲಖಿಯಲ್ಲಿ ಆ ಮುಖದಲ್ಲಿ ತಿರುಗಿದ ಚಿತ್ರವೊಂದೇ ಇರುತ್ತದೆ.

ಹತ್ತರ ನಾಣ್ಯದ ಎರಡು ತುಂಡು

ಹತ್ತು ರೂಪಾಯಿಯ ನಾಣ್ಯ ಎರಡು ಲೋಹಗಳ ಜೋಡಿ. ಹೊರಗೆ ಹಳದಿ ಬಳೆ, ಒಳಗೆ ಬಿಳಿ ಬಿಲ್ಲೆ. 2011ರ ಸರಣಿಯದು 27 ಮಿ.ಮೀ. ಅಗಲ, 7.71 ಗ್ರಾಂ ತೂಕ. ಇವೆರಡನ್ನು ಅಂಟು ಹಾಕಿ ಸೇರಿಸುವುದಿಲ್ಲ. ಬಳೆಯೊಳಗೆ ಬಿಲ್ಲೆ ಕೂರಿಸಿ ಅಚ್ಚಿನ ಏಟು ಕೊಟ್ಟಾಗ ಲೋಹ ಹರಡಿ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಅಂದರೆ ಚಿತ್ರ ಮೂಡುವುದೂ ಜೋಡಣೆ ಗಟ್ಟಿಯಾಗುವುದೂ ಒಂದೇ ಏಟಿನಲ್ಲಿ.

ಈ ಒಂದು ಸಂಗತಿ ತಿಳಿದಿದ್ದರೆ ಹತ್ತರ ನಾಣ್ಯದ ಬಹುತೇಕ ನಕಲಿಗಳು ತಾವೇ ಬಯಲಾಗುತ್ತವೆ. ನಡುವಿನ ಬಿಲ್ಲೆ ಒಂದು ಬದಿಗೆ ಸರಿದ ನಾಣ್ಯ ಸಿಕ್ಕಿದರೆ ಎರಡು ಲೋಹ ಕೂಡುವ ಗೆರೆಯನ್ನು ಮಸೂರದಡಿ ಹಿಂಬಾಲಿಸಬೇಕು. ಟಂಕಸಾಲೆಯಲ್ಲೇ ಬಿಲ್ಲೆ ಓರೆಯಾಗಿ ಕೂತಿದ್ದರೆ ಒಂದು ಲೋಹದಲ್ಲಿ ಶುರುವಾದ ಗೆರೆ ಇನ್ನೊಂದರೊಳಗೆ ಮುರಿಯದೆ ಸಾಗುತ್ತದೆ, ಚಿತ್ರಕ್ಕೆ ಲೋಹ ಬದಲಾದದ್ದು ಗೊತ್ತೇ ಇಲ್ಲವೆಂಬಂತೆ. ಬಿಲ್ಲೆಯನ್ನು ಸುತ್ತಿಗೆಯಿಂದ ಹೊರಗೆ ತಳ್ಳಿ, ತಿರುಗಿಸಿ, ಮತ್ತೆ ಕೂರಿಸಿದ ನಾಣ್ಯದಲ್ಲಿ ಬಳೆಯ ಚಿತ್ರ ಒಂದು ಕಡೆ, ಬಿಲ್ಲೆಯ ಚಿತ್ರ ಇನ್ನೊಂದು ಕಡೆ. ಕೂಡುವ ಗೆರೆಯಲ್ಲಿ ಜಜ್ಜಿದ ಗುರುತೂ ಇರುತ್ತದೆ. ನಡುವಿನ ಬಿಲ್ಲೆ ಇಲ್ಲದೆಯೇ ಏಟು ತಿಂದ ಬಳೆಯಲ್ಲಿ ಲೋಹ ಒಳಮುಖವಾಗಿ ಹರಿದು ಒಳ ಅಂಚು ಬದಲಾಗಿರಬೇಕು. ಒಳ ಅಂಚಿನಲ್ಲಿ ಬಿಲ್ಲೆ ಕಚ್ಚಿ ಕೂತಿದ್ದ ಅಚ್ಚುಕಟ್ಟಾದ ಗುರುತಿದ್ದರೆ ಅದನ್ನು ಆಮೇಲೆ ಕಿತ್ತಿದ್ದಾರೆ.

ಊರು ಮಾಡುವ ಗಾಯಗಳು

ಮುಂಬಯಿ ಸಮುದ್ರದ ಊರು. ವಸಾಯಿ ಖಾಡಿಯ ಸೇತುವೆ ದಾಟುವಾಗ ರೈಲಿನಿಂದ ನೀರಿಗೆ ನಾಣ್ಯ ಎಸೆದು ಕೈಮುಗಿಯುವ ರೂಢಿ ಇನ್ನೂ ಇದೆ. ಉಪ್ಪುನೀರಿನ ಕೆಸರಿನಲ್ಲಿ ಬಿದ್ದು ಮತ್ತೆ ಕೈಗೆ ಬಂದ ನಾಣ್ಯದ ಮೈ ಸಿಡುಬು ಬಿದ್ದಂತಾಗಿ, ಅಂಚು ಸವೆದು, ಉಕ್ಕಿನದಾದರೆ ಕಂದುಕಲೆ ಹತ್ತಿರುತ್ತದೆ. ಇದನ್ನು ಬಿಲ್ಲೆಯ ಲೋಹದೋಷ ಎಂದು ಮಾರುವವರಿದ್ದಾರೆ. ಬಿಲ್ಲೆಯ ದೋಷದಲ್ಲಿ ಮೇಲ್ಪದರ ಸಿಪ್ಪೆಯಂತೆ ಒಂದೆಡೆ ಎದ್ದಿರುತ್ತದೆ, ಉಳಿದ ಮೈ ಸರಿಯಾಗಿರುತ್ತದೆ. ಉಪ್ಪು ತಿಂದ ನಾಣ್ಯದಲ್ಲಿ ಕುಳಿಗಳು ಎಲ್ಲೆಡೆ.

ಹುಂಡಿಯ ನಾಣ್ಯದ ಮೇಲೆ ಅರಿಸಿನ, ಕುಂಕುಮ, ಎಣ್ಣೆ ಕೂತು ಬಣ್ಣ ತಿರುಗುತ್ತದೆ. ಒಲೆಯ ಬೆಂಕಿಗೆ ಬಿದ್ದ ತಾಮ್ರ-ನಿಕಲ್ ನಾಣ್ಯ ಕಪ್ಪೋ ಕೆಂಪೋ ಆಗುತ್ತದೆ. ಕಾಸಿನ ಸರಕ್ಕೋ ಕೀಚೈನಿಗೋ ಹೋದದ್ದರಲ್ಲಿ ಬೆಸುಗೆಯ ಗುಡ್ಡೆ, ಬೈರಿಗೆಯ ತೂತು ಉಳಿದಿರುತ್ತವೆ. ಬೆಸುಗೆಯ ಗುಡ್ಡೆಯನ್ನು ‘ಕಡ್’ ಎಂದು ತಿಳಿಯುವ ಮುನ್ನ ಅದರ ಬಣ್ಣ ನಾಣ್ಯದ ಬಣ್ಣಕ್ಕೆ ಸರಿಹೊಂದುತ್ತದೆಯೇ ನೋಡಬೇಕು. ಆಮ್ಲದಲ್ಲಿ ನೆನೆಸಿದ ನಾಣ್ಯ ಎಲ್ಲ ಕಡೆಯೂ ಒಂದೇ ಸಮನೆ ಕರಗಿ, ತೆಳುವಾಗಿ, ತೂಕ ಇಳಿದು, ಅಕ್ಷರಗಳು ನೀರಿನಲ್ಲಿ ಕದಡಿದಂತೆ ಕಾಣುತ್ತವೆ. ಅದನ್ನು ‘ತೆಳು ಬಿಲ್ಲೆ’ ಎಂದು ಕರೆಯುವವರ ಮಾತು ನಂಬುವಂತಿಲ್ಲ.

ತಪ್ಪೇ ಅಲ್ಲದ ತಪ್ಪುಗಳು

ಹಲವು ನಾಣ್ಯಗಳಲ್ಲಿ ದೋಷವೂ ಇರುವುದಿಲ್ಲ, ಗಾಯವೂ ಇರುವುದಿಲ್ಲ. ನೋಡುವವರಿಗೆ ಮಾಹಿತಿ ಇರುವುದಿಲ್ಲ, ಅಷ್ಟೆ.

ಇಸವಿಯ ಕೆಳಗಿನ ಗುರುತನ್ನೇ ನೋಡಿ. ವಜ್ರದಾಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ. ಕೋಲ್ಕತಾ ಟಂಕಸಾಲೆ ಯಾವ ಗುರುತೂ ಹಾಕುವುದಿಲ್ಲ. ‘ಗುರುತು ಬಿಟ್ಟುಹೋದ ಅಪರೂಪದ ನಾಣ್ಯ’ ಎಂದು ಹೇಳುವುದೆಲ್ಲ ಸಾಮಾನ್ಯವಾಗಿ ಕೋಲ್ಕತಾದ ನಾಣ್ಯವೇ.

ಅಳತೆಯದೂ ಅದೇ ಕತೆ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿ 25 ಮಿ.ಮೀ.; 2011ರದು ಸುಮಾರು 22; 2019ರ ಸರಣಿಯದು 20. ಮೂರನ್ನೂ ಸಾಲಾಗಿಟ್ಟರೆ ಕೊನೆಯದು ಕುಗ್ಗಿದಂತೆ ಕಾಣುವುದು ಸಹಜ. ಹತ್ತು ರೂಪಾಯಿಯ ವಿನ್ಯಾಸ ಹಲವು ಸಲ ಬದಲಾದದ್ದರಿಂದ ಕೆಲವನ್ನು ನಕಲಿಯೆಂದು ಅಂಗಡಿಯವರು ತಿರಸ್ಕರಿಸುತ್ತಿದ್ದರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟು, ಆ ತನಕ ಬಂದ 14 ವಿನ್ಯಾಸಗಳೂ ಚಲಾವಣೆಗೆ ಅರ್ಹವೆಂದು ಸ್ಪಷ್ಟಪಡಿಸಿತು. 2012ರಲ್ಲಿ ಮಾತಾ ವೈಷ್ಣೋದೇವಿ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆ ಬಂದ ಐದು ಮತ್ತು ಹತ್ತರ ನಾಣ್ಯಗಳೂ ಇಂಥ ವದಂತಿಗೆ ಸಿಕ್ಕಿವೆ. ಅವು ಸ್ಮರಣಾರ್ಥ ನಾಣ್ಯಗಳು. ತಪ್ಪು ಮುದ್ರಣವಲ್ಲ.

ಇದಕ್ಕೆ ಒಂದು ಹಳೆಯ ನಿದರ್ಶನವಿದೆ. 1911ರಲ್ಲಿ ಐದನೇ ಜಾರ್ಜ್‌ನ ಹೊಸ ರೂಪಾಯಿ ಮುಂಬಯಿ ಮತ್ತು ಕೋಲ್ಕತಾ ಟಂಕಸಾಲೆಗಳಲ್ಲಿ ಅಚ್ಚಾಯಿತು. ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಎಷ್ಟು ಮೋಟಾಗಿತ್ತೆಂದರೆ ಜನರಿಗೆ ಅದು ಹಂದಿಯಂತೆ ಕಂಡಿತು. ಆಕ್ಷೇಪ ಎದ್ದ ಮೇಲೆ ವಿತರಣೆ ನಿಲ್ಲಿಸಿ, 1912ರಿಂದ ಆನೆಯನ್ನು ತಿದ್ದಿ ಹೊಸ ಅಚ್ಚು ಮಾಡಿದರು. ಸಂಗ್ರಾಹಕರು ಅದನ್ನು ಇಂದಿಗೂ ‘ಪಿಗ್ ರೂಪಾಯಿ’ ಎಂದು ಹುಡುಕುತ್ತಾರೆ. ಅದಕ್ಕೆ ಬೆಲೆ ಇದೆ. ಆದರೆ ಅಲ್ಲಿ ಬಿಲ್ಲೆ ಸರಿ, ಅಚ್ಚು ಸರಿ, ಏಟು ಸರಿ. ಎಡವಿದ್ದು ವಿನ್ಯಾಸ ಬರೆದವರು.

ಮನೆಯಲ್ಲೇ ಮಾಡುವ ಪರೀಕ್ಷೆ

ಬೇಕಾದ ಸಾಮಾನು ನಾಲ್ಕೇ. ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಮಸೂರ, ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಅಯಸ್ಕಾಂತ, ಅದೇ ಬಗೆಯ ಒಂದು ಸರಿಯಾದ ನಾಣ್ಯ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಅದೇ ಮುಖಬೆಲೆ, ಅದೇ ಸರಣಿ, ಸಾಧ್ಯವಾದರೆ ಅದೇ ಟಂಕಸಾಲೆಯ ನಾಣ್ಯ ಪಕ್ಕದಲ್ಲಿಲ್ಲದೆ ಯಾವ ನಿರ್ಣಯಕ್ಕೂ ಬರಬಾರದು.

ಮೊದಲು ತೂಕ. 2011ರ ಸರಣಿಯ ಐದು ರೂಪಾಯಿ 6 ಗ್ರಾಂ. 2019ರ ಸರಣಿಯ ಐದು 6.74 ಗ್ರಾಂ, ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ 8.54 ಗ್ರಾಂ. ಸವೆತದಿಂದ ತುಸು ವ್ಯತ್ಯಾಸ ಬರುವುದು ಸಹಜ.

ಆಮೇಲೆ ಅಯಸ್ಕಾಂತ. ಈಗಿನ ಒಂದು, ಎರಡು ರೂಪಾಯಿ ಅಂಟುತ್ತವೆ. ಹತ್ತರ ಹಳದಿ ಬಳೆ ಅಂಟುವುದಿಲ್ಲ. ಹಿತ್ತಾಳೆ ಬಣ್ಣದ ಐದು ಅಂಟುವುದಿಲ್ಲ. ಆದರೆ 2007ರ ಆಸುಪಾಸಿನಲ್ಲಿ ಉಕ್ಕಿನ ಐದೂ ಬಂದಿದ್ದರಿಂದ ಬಿಳಿ ಐದು ಅಂಟಿದರೆ ಗಾಬರಿ ಬೇಡ. ಅದಕ್ಕೂ ಹಿಂದಿನ ದಪ್ಪ ತಾಮ್ರ-ನಿಕಲ್ ಐದು 9 ಗ್ರಾಂ ತೂಗುತ್ತದೆ, ಅಂಟುವುದಿಲ್ಲ. ಚಿನ್ನದ ಬಣ್ಣದ ‘ಅಪರೂಪದ’ ಒಂದು ರೂಪಾಯಿ ಅಯಸ್ಕಾಂತಕ್ಕೆ ಹಾರಿ ಅಂಟಿದರೆ ಅದು ಲೇಪ ಕೊಟ್ಟ ಸಾದಾ ಉಕ್ಕು ಎಂದೇ ತಿಳಿಯಬೇಕು.

ಮೂರನೆಯದಾಗಿ ಪುಸ್ತಕದ ಹಾಳೆಯಂತೆ ತಿರುವಿ ಅಚ್ಚಿನ ದಿಕ್ಕು ನೋಡುವುದು. ಕೊನೆಗೆ ಮಸೂರ. ಮುಖಗಳನ್ನು ನೋಡುವ ಮುನ್ನ ಅಂಚನ್ನು ಸುತ್ತು ಹಾಕಿ ನೋಡಬೇಕು. ಅರ, ವೈಸ್, ಸುತ್ತಿಗೆ ಮೊದಲು ಗುರುತು ಬಿಡುವುದು ಅಲ್ಲಿಯೇ, ಮೋಸಗಾರ ಮರೆಮಾಚಲು ಮರೆಯುವುದೂ ಅಲ್ಲಿಯೇ.

ಕೊಳ್ಳುವ, ಮಾರುವ ಮುನ್ನ

ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೆಯ ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕವೋ ತೆರಿಗೆಯೋ ಕಟ್ಟಿ ಎಂದು ಯಾರಾದರೂ ಕೇಳಿದರೆ ಅಲ್ಲಿಗೇ ಮಾತು ಮುಗಿಸಬೇಕು. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಬೇಕೆಂದೇ ನಾಣ್ಯ ಕೆಡಿಸುವ ಚಪಲಕ್ಕೂ ಕಾನೂನಿನ ತಡೆ ಇದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯವನ್ನು ಕರಗಿಸುವುದು, ನಾಶಪಡಿಸುವುದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ.

ಕಣ್ಣು ಪಳಗಬೇಕಾದರೆ ಒಳ್ಳೆಯ ನಾಣ್ಯಗಳನ್ನು ಹೆಚ್ಚು ನೋಡಬೇಕು. ಫೋರ್ಟ್‌ನ ಸರ್ ಫಿರೋಜ್‌ಶಾ ಮೆಹ್ತಾ ರಸ್ತೆಯ ಅಮರ್ ಕಟ್ಟಡದಲ್ಲಿ ರಿಸರ್ವ್ ಬ್ಯಾಂಕಿನ ಹಣಕಾಸು ವಸ್ತುಸಂಗ್ರಹಾಲಯವಿದೆ. 2004ರ ನವೆಂಬರ್‌ನಲ್ಲಿ ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದ ಈ ಸಂಗ್ರಹಾಲಯದಲ್ಲಿ ಪ್ರಾಚೀನ ಮುದ್ರಾಂಕಿತ ನಾಣ್ಯದಿಂದ ಇಂದಿನ ಹಣದವರೆಗೆ ಸಾಲಾಗಿ ನೋಡಬಹುದು. ಕೊಳ್ಳುವಾಗ ಬಿಲ್ ಕೊಡುವ, ವಾಪಸು ಪಡೆಯಲು ಒಪ್ಪುವ ವ್ಯಾಪಾರಿಯನ್ನೇ ಆರಿಸಬೇಕು. ಒಂದೇ ಬದಿಯ ಫೋಟೋ ಕಳಿಸಿ ದರ ಹೇಳುವವರಿಂದ ಎರಡೂ ಮುಖ, ಅಂಚು, ತಕ್ಕಡಿಯ ಮೇಲಿಟ್ಟ ತೂಕದ ಫೋಟೋ ಕೇಳಬೇಕು. ಮಾರುವವರು ಒಬ್ಬರ ಮಾತಿಗೆ ನಿಲ್ಲದೆ ಎರಡು ಮೂರು ಕಡೆ ತೋರಿಸಿ, ಹರಾಜಿನಲ್ಲಿ ಅದೇ ಬಗೆಯ ತಪ್ಪು ನಿಜವಾಗಿ ಎಷ್ಟಕ್ಕೆ ಹೋಯಿತೆಂದು ನೋಡಬೇಕು. ಜಾಲತಾಣದಲ್ಲಿ ಯಾರೋ ಕೇಳಿದ ಬೆಲೆ ಬೆಲೆಯಲ್ಲ.

ನಿಜವಾದ ತಪ್ಪು ಎಂದು ಅನಿಸಿದ ನಾಣ್ಯವನ್ನು ಹುಣಸೆಹಣ್ಣು, ಲಿಂಬೆ, ಹಲ್ಲುಪುಡಿ ಯಾವುದರಿಂದಲೂ ಉಜ್ಜಬಾರದು. ಉಜ್ಜಿದರೆ ಮೂಲದ ಹೊಳಪೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಅಂಚಿನಲ್ಲಿ ಹಿಡಿದು, ಪಿವಿಸಿ ಇಲ್ಲದ ನಾಣ್ಯದ ಹೋಲ್ಡರಿಗೆ ಹಾಕಿ, ಮಳೆಗಾಲದ ತೇವಕ್ಕೆ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣವನ್ನಿಡಬೇಕು. ಹೋಲ್ಡರಿನ ಮೇಲೆ ಒಂದು ಚೀಟಿ: ತೂಕ ಎಷ್ಟು, ಅಗಲ ಎಷ್ಟು, ಅಯಸ್ಕಾಂತಕ್ಕೆ ಅಂಟುತ್ತದೆಯೇ, ಇಸವಿಯ ಕೆಳಗೆ ಯಾವ ಗುರುತು, ಎಲ್ಲಿ ಯಾವಾಗ ಸಿಕ್ಕಿತು, ದೋಷ ಬಿಲ್ಲೆಯದೋ ಅಚ್ಚಿನದೋ ಏಟಿನದೋ. ಪರಿಣತರ ಮುಂದೆ ನಾಣ್ಯ ಇಡುವಾಗ ಈ ಚೀಟಿಯನ್ನೂ ಜೊತೆಗಿಟ್ಟರೆ ಅವರ ಕೆಲಸ ಹಗುರಾಗುತ್ತದೆ, ತಂದವರಿಗೂ ಉತ್ತರ ಅರ್ಥವಾಗುತ್ತದೆ.